ಓಟಿಗೆ ಅಂಕ ಕೊಡಬೇಕೆ?

ಕೊಡಗು-ಕೇರಳ ಗಡಿಯ ಮಾಕುಟ್ಟದ ತಿರುವಿನಲ್ಲಿ ಅಪಘಾತವಾದರೆ ಇರುವುದು ಎರಡೇ ದಾರಿ. ಘಾಟಿ ಹತ್ತಿದರೆ ವಿರಾಜಪೇಟೆ, ಇಳಿದರೆ ಗಡಿಯಾಚೆಯ ಇರಿಟ್ಟಿ, ಕಣ್ಣೂರು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಆದರೆ ಅದು ಇನ್ನೂ ದೂರ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಗಡಿಗೆ ಮಣ್ಣು ಸುರಿದಾಗ ಕೆಳಗಿನ ದಾರಿಯೂ ಮುಚ್ಚಿಹೋಗಿತ್ತು. ಆಸ್ಪತ್ರೆಯನ್ನು ಆರಿಸಿಕೊಳ್ಳುವ ಅನುಕೂಲ ಇಲ್ಲಿನವರಿಗಿಲ್ಲ. ಹಾಗಿರುವಾಗ, ಸಿಕ್ಕ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ (ಓಟಿ) ಸಿಬ್ಬಂದಿ ಯಂತ್ರಗಳನ್ನು ಸುರಕ್ಷಿತವಾಗಿ ಬಳಸುತ್ತಾರೆಯೇ ಎಂದು ಅಳೆದು ನೋಡಿ ಎನ್ನುವುದು ನ್ಯಾಯವಾದ ಬೇಡಿಕೆ.

ಕಾಟರಿಯನ್ನೇ ನೋಡಿ. ವಿದ್ಯುತ್ತಿನಿಂದ ಮಾಂಸ ಕೊಯ್ದು ರಕ್ತ ನಿಲ್ಲಿಸುವ ಯಂತ್ರವಿದು. ಆ ವಿದ್ಯುತ್ತು ಹಿಂದಿರುಗಲು ರೋಗಿಯ ತೊಡೆಗೆ ಒಂದು ಪ್ಲೇಟ್ ಅಂಟಿಸುತ್ತಾರೆ. ಕೂದಲಿನ ಮೇಲೋ ಮೂಳೆ ಉಬ್ಬಿದ ಕಡೆಯೋ ಅಂಟಿಸಿ ಅದು ಅರ್ಧ ಎದ್ದರೆ, ಉಳಿದಷ್ಟು ಜಾಗದಲ್ಲೇ ಕಾವು ಕೂಡಿ ಚರ್ಮ ಸುಡುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಉರಿಯುತ್ತಿದೆ ಎಂದು ಹೇಳಲಾರ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಆರುವ ಮುನ್ನ ಕಾಟರಿ ಮುಟ್ಟಿಸಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಯಂತ್ರ ಎಷ್ಟು ಹೊಸದಾಗಿದ್ದರೂ ಈ ಎರಡು ನಿಮಿಷದ ಎಚ್ಚರವನ್ನು ಅದು ಕೊಡಲಾರದು, ಮನುಷ್ಯರೇ ಕೊಡಬೇಕು.

ಅಳತೆಯ ಪರವಾಗಿ ದೊಡ್ಡ ಸಾಕ್ಷಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿದಂತೆ 8 ನಗರಗಳಲ್ಲಿ ಪರೀಕ್ಷಿಸಲಾಯಿತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ನಮ್ಮಲ್ಲೂ 2017ರಿಂದ 'ಲಕ್ಷ್ಯ' ಕಾರ್ಯಕ್ರಮದಡಿ ಹೆರಿಗೆ ಕೋಣೆ ಮತ್ತು ಹೆರಿಗೆ ಓಟಿಗಳಿಗೆ ಅಂಕ ಕೊಡುತ್ತಿದ್ದಾರೆ.

ಆದರೆ ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಇಂಥದೇ ಪಟ್ಟಿಗಳನ್ನು ಜಾರಿಗೆ ತಂದವು. ಸಾವುಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ ಎಂದಿತು 2014ರ ವರದಿ. ಪಟ್ಟಿ ಪಾಲಿಸಿದ್ದೇವೆ ಎಂದು ಆಸ್ಪತ್ರೆಗಳೇನೋ ಹೇಳಿದ್ದವು. ಸರಿ ಗುರುತು ಹಾಕುವುದು ಬೇರೆ, ನಿಂತು ನೋಡುವುದು ಬೇರೆ. ನಾಲ್ಕು ಜನ ಮಾಡುವ ಕೆಲಸವನ್ನು ಇಬ್ಬರು ಮಾಡುವ ತಾಲ್ಲೂಕು ಆಸ್ಪತ್ರೆಯಲ್ಲಿ, ರಾತ್ರಿ ತುರ್ತು ಸಿಸೇರಿಯನ್ ಮುಗಿದ ಮೇಲೆ ಸ್ಟಾಫ್ ನರ್ಸ್ ಒಟ್ಟಿಗೇ ಫಾರಂ ತುಂಬಿದರೆ ಅವರನ್ನು ಬೈಯಲು ನನಗೆ ಮನಸ್ಸಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಸರ್ವಿಸ್ ಆಗದ ಯಂತ್ರ, ಕೈಕೊಡುವ ಕರೆಂಟು, ಸಿಗದ ತರಬೇತಿ ಇವೆಲ್ಲದರ ಭಾರ ಕೊನೆಗೆ ಒಬ್ಬ ಟೆಕ್ನಿಷಿಯನ್‌ನ ಅಂಕದ ಮೇಲೆ ಬೀಳುತ್ತದೆ. ಅಂಕ ಕಡಿಮೆಯಾದರೆ ನೋಟಿಸ್ ಬರುತ್ತದೆ ಎಂದಾದರೆ, ಸ್ವಲ್ಪದರಲ್ಲಿ ತಪ್ಪಿದ ಅನಾಹುತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲಿಯಬೇಕಾದ ಪಾಠ ಇರುವುದು ಅಲ್ಲೇ.

ಇಷ್ಟಾದರೂ ಅಳತೆ ಬೇಕೆಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಪ್ಲೇಟ್ ಸರಿಯಾಗಿ ಕೂತಿತ್ತೇ, ಆಕ್ಸಿಜನ್ ಮಾನಿಟರಿನ ಅಲಾರ್ಮ್ ಯಾಕೆ ಬಂದ್ ಆಗಿತ್ತು ಎಂಬುದು ಕಡತದಿಂದ ತಿಳಿಯುವುದಿಲ್ಲ. ಅದೇ ಕೆಲಸ ಬಲ್ಲ ಇನ್ನೊಂದು ಆಸ್ಪತ್ರೆಯ ನರ್ಸೋ ಅರಿವಳಿಕೆ ತಜ್ಞರೋ ಓಟಿಯೊಳಗೆ ನಿಂತು ನೋಡಬೇಕು. ಕಂಡದ್ದನ್ನು ಆ ತಂಡಕ್ಕೇ ಮೊದಲು ಹೇಳಬೇಕು. ಯಾರ ಹೆಸರೂ ಇಲ್ಲದ ಒಟ್ಟು ಫಲಿತಾಂಶ ಮಾತ್ರ ಜಿಲ್ಲಾ ಕಚೇರಿಗೆ ಹೋಗಲಿ. ಅದರ ಜೊತೆಗೆ ಯಂತ್ರ ಕೊನೆಯ ಸಲ ಸರ್ವಿಸ್ ಆದ ದಿನವನ್ನೂ ಆ ಪಾಳಿಯಲ್ಲಿ ಎಷ್ಟು ಜನರಿದ್ದರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಆಗ ಸಿಬ್ಬಂದಿಯ ಜೊತೆಗೆ ಯಂತ್ರ ಕೊಟ್ಟ ಇಲಾಖೆಯೂ ಅಂಕ ಪಡೆಯುತ್ತದೆ.