ಕಂಬಿಯ ಹಿಂದೆ ಕಲಿತ ಕೈಗೆ ಕೆಲಸ ಕೊಡುವವರು ಯಾರು?

'ಆ ಹುಡುಗ ಕೈತಪ್ಪಿ ಹೋದ.' ನಮ್ಮ ಊರುಗಳಲ್ಲಿ ಒಮ್ಮೆ ಈ ಮಾತು ಬಿತ್ತೆಂದರೆ ಮುಗಿಯಿತು. ಆಮೇಲೆ ಅವನು ಎಷ್ಟೇ ನೆಟ್ಟಗೆ ಬಾಳಿದರೂ ಆ ಹೆಸರು ಅಳಿಸುವುದಿಲ್ಲ, ಅಜ್ಜಿಯ ಕೈಮೇಲಿನ ಹಚ್ಚೆಯ ಹಾಗೆ. ಹೀಗೆ ಹೆಸರು ಕೆಡಿಸಿಕೊಂಡು, ಹಚ್ಚೆ ಹಾಕುವುದನ್ನೇ ಬದುಕು ಮಾಡಿಕೊಂಡ ಒಬ್ಬರ ಕಥೆ ಇದು. ನಡೆದದ್ದು ಅಮೆರಿಕದಲ್ಲಿ. ಅದು ಎತ್ತುವ ಪ್ರಶ್ನೆ ಮಾತ್ರ ನಮ್ಮದೂ ಹೌದು.

ಅವರ ಹೆಸರು ಫ್ರೆಡ್ಡಿ ನೆಗ್ರೆಟೆ. ಲಾಸ್ ಏಂಜಲೀಸ್ ಕಡೆಯ ಮೆಕ್ಸಿಕನ್ ಮೂಲದ ಬಡವರ ಬೀದಿಗಳಲ್ಲಿ ಬೆಳೆದವರು. ಹೆತ್ತವರ ಆಸರೆ ಸರಿಯಾಗಿ ಸಿಗಲಿಲ್ಲ. ಮೀಸೆ ಮೂಡುವ ಮೊದಲೇ ಗ್ಯಾಂಗ್ ಸೇರಿದರು. ಬಾಲಾಪರಾಧಿಗಳ ಬಂಧನ ಗೃಹಗಳಿಗೆ ಮತ್ತೆ ಮತ್ತೆ ಹೋಗಿಬಂದರು. ಅಲ್ಲೇ, ಕೈಗೆ ಸಿಕ್ಕ ಸಾಮಾನಿನಲ್ಲಿ ಹಚ್ಚೆ ಹಾಕುವುದನ್ನು ಕಲಿತರು.

ಅಲ್ಲಿನ ಜೈಲುಗಳಲ್ಲಿ ಹಚ್ಚೆಯ ಮಷಿನ್ ಹೇಗೆ ತಯಾರಾಗುತ್ತಿತ್ತು ಗೊತ್ತೇ? ಟೇಪ್ ರೆಕಾರ್ಡರಿನ ಪುಟ್ಟ ಮೋಟಾರು, ಪೆನ್ನಿನ ಕೊಳವೆ, ಸೂಜಿಯ ಬದಲಿಗೆ ಗಿಟಾರಿನ ತಂತಿ. ಬಣ್ಣಗಳು ಸಿಗುತ್ತಿರಲಿಲ್ಲ, ಇದ್ದದ್ದು ಕಪ್ಪು ಶಾಯಿ ಮಾತ್ರ. ಅದಕ್ಕೇ ನೀರು ಬೆರೆಸಿ ತೆಳುವಾದ ಬೂದು ಛಾಯೆ ಮಾಡಿಕೊಳ್ಳುತ್ತಿದ್ದರು. ಒಂದೇ ಸೂಜಿಯಾದ್ದರಿಂದ ಗೆರೆ ಕೂದಲಿನಷ್ಟು ಸಣ್ಣಗೆ ಬರುತ್ತಿತ್ತು. ಇಂದು ಟ್ಯಾಟೂ ಅಂಗಡಿಗಳಲ್ಲಿ ಕಪ್ಪು-ಬೂದು ಬಣ್ಣದಲ್ಲಿ ಫೋಟೋದಂಥ ಮುಖ ಮೂಡಿಸುತ್ತಾರಲ್ಲ, ಆ ಶೈಲಿ ಬೆಳೆದು ಬಂದದ್ದು ಇಂಥ ಕೊರತೆಯಿಂದಲೇ.

1975ರಲ್ಲಿ ಪೂರ್ವ ಲಾಸ್ ಏಂಜಲೀಸಿನಲ್ಲಿ ಚಾರ್ಲಿ ಕಾರ್ಟ್‌ರೈಟ್ ಮತ್ತು ಜಾಕ್ ರೂಡಿ ಒಂದು ಟ್ಯಾಟೂ ಅಂಗಡಿ ತೆರೆದರು. ಜೈಲಿನ ಕೆಲಸ ಎಂದು ಜನ ಮೂಗು ಮುರಿಯುತ್ತಿದ್ದ ಆ ಸಣ್ಣ ಗೆರೆಯ ಹಚ್ಚೆಯನ್ನು ಅಂಗಡಿಯ ಕಸುಬಾಗಿ ನಿಲ್ಲಿಸಿದರು. ಎರಡು ವರ್ಷದ ನಂತರ, 1977ರಲ್ಲಿ, ಸುಮಾರು ಇಪ್ಪತ್ತೊಂದರ ನೆಗ್ರೆಟೆಗೆ ಅಲ್ಲಿ ಕೆಲಸ ಸಿಕ್ಕಿತು. 1980ರಲ್ಲಿ ಅವರು ವರ್ಷದ ಟ್ಯಾಟೂ ಕಲಾವಿದ ಪ್ರಶಸ್ತಿ ಪಡೆದರು.

ಈ ಕಥೆಯನ್ನು ಜನ ಸಾಮಾನ್ಯವಾಗಿ 'ಛಲ ಇದ್ದರೆ ಎಲ್ಲ ಸಾಧ್ಯ' ಎಂದು ಮುಗಿಸುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ಅಂಗಡಿ ಸೇರುವ ಮೊದಲೂ ಆ ಹುಡುಗನಿಗೆ ಛಲ ಇತ್ತು, ಕೈಯಲ್ಲಿ ಕಸುಬೂ ಇತ್ತು. ಇಲ್ಲದೆ ಇದ್ದದ್ದು ಒಳಗೆ ಕರೆಯುವ ಒಂದು ಬಾಗಿಲು.

ಒಂದು ಕೆಲಸದಿಂದ ಎಲ್ಲವೂ ಸರಿಹೋಗುತ್ತದೆ ಎಂದೂ ನಾವು ಹೇಳುತ್ತಿಲ್ಲ. ಹೆಸರು ಬಂದ ಮೇಲೂ ನೆಗ್ರೆಟೆ ಮಾದಕ ವಸ್ತುವಿನ ಚಟಕ್ಕೆ ಬಿದ್ದರು. ಚಿಕಿತ್ಸೆ ಪಡೆದು ಎದ್ದರು. ಮುಂದೆ ಅದೇ ಚಟದಲ್ಲಿ ಸಿಕ್ಕವರಿಗೆ ಆಪ್ತ ಸಲಹೆ ನೀಡುವ ಕೆಲಸವನ್ನೂ ಮಾಡಿದರು. ಬಿದ್ದಾಗಲೆಲ್ಲ ಮರಳಿ ಬರಲು ಒಂದು ಕಸುಬು ಇತ್ತು ಎಂಬುದೇ ದೊಡ್ಡ ಮಾತು.

ಈಗ ನಮ್ಮ ಕಡೆಗೆ ನೋಡೋಣ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 'ಹೊಸ ಆರಂಭ' ಎಂಬ ತತ್ವವೇ ಇದೆ. ಹದಿನೆಂಟು ತುಂಬುವ ಮೊದಲು ತಪ್ಪು ಮಾಡಿದ ಮಗುವಿನ ಹಳೆಯ ದಾಖಲೆ ಮುಂದೆ ಅಡ್ಡ ಬರಬಾರದು ಎನ್ನುತ್ತದೆ ಅದು. ತೀರಾ ಘೋರ ಅಪರಾಧಗಳಲ್ಲಿ ಇದಕ್ಕೆ ವಿನಾಯಿತಿ ಇದೆ. ಉಳಿದಂತೆ ಕಾನೂನು ಮರೆಯಲು ಸಿದ್ಧವಿದೆ, ಊರು ಸಿದ್ಧವಿಲ್ಲ. ಗ್ಯಾರೇಜಿಗೆ ಕೆಲಸ ಕೇಳಿ ಹೋದರೆ 'ಅವನಾ? ಬೇಡಪ್ಪ' ಎನ್ನುತ್ತೇವೆ. ಹೆಣ್ಣು ಕೇಳಿದರೂ ಅದೇ ಉತ್ತರ.

ತಪ್ಪು ಮಾಡಿದವರನ್ನು ಸುಮ್ಮನೆ ಬಿಡಿ ಎಂಬುದು ನಮ್ಮ ವಾದವಲ್ಲ. ಏಟು ತಿಂದವರ ನೋವು ದೊಡ್ಡದು, ಅವರಿಗೆ ನ್ಯಾಯ ಸಿಗಲೇಬೇಕು. ಆದರೆ ಶಿಕ್ಷೆಗೆ ಒಂದು ಕೊನೆ ಇರಬೇಕಲ್ಲವೇ? ಕೋರ್ಟು ಮುಗಿಸಿದ್ದನ್ನು ಕಟ್ಟೆಯ ಮೇಲೆ ಕುಳಿತು ನಾವು ಮುಂದುವರಿಸಿದರೆ, ಹುಡುಗನಿಗೆ ಉಳಿಯುವುದು ಹಳೆಯ ಸಹವಾಸ ಮಾತ್ರ. ಅಲ್ಲಿ ಅವನನ್ನು ಯಾರೂ ಬೇಡ ಎನ್ನುವುದಿಲ್ಲ.

'ಟ್ಯಾಟೂ ಹಾಕುವುದೂ ಒಂದು ಕೆಲಸವೇ?' ಎಂದು ಕೇಳುವವರಿದ್ದಾರೆ. ಕೊರವಂಜಿ ಮನೆ ಬಾಗಿಲಿಗೆ ಬಂದು ಹಚ್ಚೆ ಹಾಕಿ, ಮೊರದ ತುಂಬ ಕಾಳು ಪಡೆದು ಹೋಗುತ್ತಿದ್ದ ಕಾಲವನ್ನು ಮನೆಯ ಹಿರಿಯರಲ್ಲಿ ಕೇಳಿ ನೋಡಿ. ಈಗ ಈ ಕೆಲಸಕ್ಕೆ ಜವಾಬ್ದಾರಿ ಇನ್ನೂ ಹೆಚ್ಚು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್, ಎಚ್‌ಐವಿ ಹರಡಬಹುದು. ಇಲ್ಲಿ ತಪ್ಪು ಗೆರೆಯನ್ನು ರಬ್ಬರಿನಿಂದ ಅಳಿಸುವಂತಿಲ್ಲ. ಕೈ ನಡುಗಬಾರದು, ಮನಸ್ಸು ಚದುರಬಾರದು. ದಾರಿ ತಪ್ಪಿದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಶಿಸ್ತು ಯಾವುದಿದೆ?

ಟ್ಯಾಟೂ ಅಂಗಡಿಯೇ ಆಗಬೇಕೆಂದಿಲ್ಲ. ವೆಲ್ಡಿಂಗ್ ಶಾಪು, ಕಟಿಂಗ್ ಶಾಪು, ಬೋರ್ಡು ಬರೆಯುವ ಕೋಣೆ, ಯಾವುದಾದರೂ ಸರಿ. ನೀವು ಅಂಗಡಿ ಇಟ್ಟವರಾದರೆ ಅಂಥ ಒಬ್ಬ ಹುಡುಗನನ್ನು ಆರು ತಿಂಗಳ ಮಟ್ಟಿಗೆ ಸೇರಿಸಿಕೊಳ್ಳಿ. ದಿನಗೂಲಿ ಎಷ್ಟೆಂದು, ಬರುವ ಹೊತ್ತು ಯಾವುದೆಂದು ಮೊದಲೇ ಹೇಳಿಬಿಡಿ. ಗಲ್ಲಾಪೆಟ್ಟಿಗೆಯ ಬೀಗ ನಿಮ್ಮ ಬಳಿಯೇ ಇರಲಿ, ಅದು ತಪ್ಪಲ್ಲ. ಆದರೆ ಅವನ ಕೈಗೊಂದು ಸಾಮಾನು ಕೊಡಿ. ಅವನು ಕೈತಪ್ಪಿದನೋ, ನಾವೇ ಕೈಬಿಟ್ಟೆವೋ ಎಂಬುದು ಆಗ ಗೊತ್ತಾಗುತ್ತದೆ.