ಗೆಳೆತನದ ಬರೆಯದ ಕಟ್ಟಳೆ

ಕಾಲೇಜಿಗೆ ಸೇರಿದಾಗ ನಮಗೆ ಹಲವು ನಿಯಮಗಳನ್ನು ತಿಳಿಸುತ್ತಾರೆ. ಹಾಜರಿ ಎಷ್ಟಿರಬೇಕು, ಶುಲ್ಕವನ್ನು ಯಾವಾಗ ಕಟ್ಟಬೇಕು, ಗ್ರಂಥಾಲಯದ ಪುಸ್ತಕವನ್ನು ಎಂದು ಹಿಂದಿರುಗಿಸಬೇಕು ಎಂಬುದೆಲ್ಲ ಅವುಗಳಲ್ಲಿ ಉಂಟು. ಆದರೆ ವಿದ್ಯಾರ್ಥಿಜೀವನವನ್ನು ಇವುಗಳಿಗಿಂತ ಬಲವಾಗಿ ಆಳುವ ಬೇರೊಂದು ನಿಯಮಾವಳಿ ಇದೆ. ಅದನ್ನು ಯಾರೂ ಬರೆದಿಲ್ಲ, ಯಾರೂ ಓದಿ ಹೇಳುವುದಿಲ್ಲ. ಅದು ಗೆಳೆಯರ ಗುಂಪಿನ ಕಟ್ಟಳೆ.

ಚಹದಂಗಡಿಯಲ್ಲಿ ಸರದಿಯಂತೆ ಒಬ್ಬೊಬ್ಬರು ಎಲ್ಲರ ದುಡ್ಡು ಕೊಡಬೇಕು. ತಮಾಷೆ ಮಾಡಿದರೆ ಸಿಟ್ಟಾಗಬಾರದು. ತರಗತಿ ಮುಗಿದ ಮೇಲೆ ಒಂದು ತಾಸು ಕಟ್ಟೆಯ ಮೇಲೆ ಕೂಡಬೇಕು. ರಾತ್ರಿ ಮೊಬೈಲಿನ ಗುಂಪಿನಲ್ಲಿ ಬಂದ ಮಾತಿಗೆ ಉತ್ತರ ಕೊಡಬೇಕು. ಇವು ಯಾವುವೂ ಕೆಟ್ಟವಲ್ಲ. ಕಟ್ಟಳೆಯೇ ಇಲ್ಲದ ಗೆಳೆತನ ಸಂತೆಯ ಜನದಂತೆ. ಹೊತ್ತು ಮುಳುಗಿದರೆ ಚದುರಿಹೋಗುತ್ತದೆ. 'ನಾವು' ಎಂಬ ಭಾವನೆ ಬೆಳೆಯುವುದೇ ಒಟ್ಟಿಗೆ ಪಾಲಿಸುವ ಇಂತಹ ಸಣ್ಣ ರೂಢಿಗಳಿಂದ.

ಆದರೆ ಒಂದೇ ಕಟ್ಟಳೆ ಎಲ್ಲರಿಗೂ ಒಂದೇ ಭಾರವಲ್ಲ. ಐವರ ಚಹದ ದುಡ್ಡು ಒಬ್ಬನಿಗೆ ಕಿಸೆಯ ಚಿಲ್ಲರೆ. ವಿದ್ಯಾರ್ಥಿವೇತನದ ದಾರಿ ಕಾಯುವವನಿಗೆ ಮರುದಿನದ ಊಟ. ಸಂಜೆಯ ಹರಟೆ ಪೇಟೆಯವನಿಗೆ ಸುಲಭ. ಬಸ್ಸು ಹಿಡಿದು ಊರಿಗೆ ಹೋಗಿ ದನಕ್ಕೆ ಮೇವು ಹಾಕಬೇಕಾದವನಿಗೆ, ಕತ್ತಲಾಗುವ ಮೊದಲೇ ಮನೆ ಸೇರಬೇಕಾದ ಹೆಣ್ಣುಮಗಳಿಗೆ ಅದು ಸಾಧ್ಯವಿಲ್ಲ. ಹಳ್ಳಿಯ ಮಾತಿನ ಧಾಟಿಯನ್ನು ಅಣಕಿಸುವುದು ಕೆಲವರಿಗೆ ಬರಿಯ ತಮಾಷೆ. ಆ ಮಾತು ಯಾರದೋ ಅವ್ವನ ಮಾತು. ಇಂತಹವನು ನಾಲ್ಕು ದಿನ ನೆವ ಹೇಳುತ್ತಾನೆ, ಐದನೆಯ ದಿನ ಬೇರೆ ದಾರಿ ಹಿಡಿಯುತ್ತಾನೆ. 'ಅವನಿಗೆ ಜಂಬ' ಎನ್ನುತ್ತದೆ ಗುಂಪು. 'ಅದು ನಮ್ಮಂಥವರ ಜಾಗವಲ್ಲ' ಎಂದುಕೊಳ್ಳುತ್ತಾನೆ ಅವನು. ಯಾರೂ ಯಾರನ್ನೂ ಹೊರಹಾಕಲಿಲ್ಲ. ಆದರೂ ಒಬ್ಬ ಹೊರಗಾದ.

ಇದು ಸಣ್ಣ ನಷ್ಟವೆಂದು ಯಾರೂ ತಿಳಿಯಬಾರದು. ನನ್ನಂತೆ ಮನೆತನದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ದಾರಿ ಹೇಳಲು ಮನೆಯಲ್ಲಿ ಓದಿದ ಅಣ್ಣನಿಲ್ಲ, ಅಕ್ಕನಿಲ್ಲ. ಅರ್ಜಿಯ ಕಡೆಯ ದಿನ ಯಾವುದು, ಯಾವ ಪುಸ್ತಕ ಓದಬೇಕು, ಪದವಿಯಾದ ಮೇಲೆ ಮುಂದೇನು ಎಂಬುದೆಲ್ಲ ತಿಳಿಯುವುದು ಗೆಳೆಯರ ಬಾಯಿಂದ. ಗುಂಪು ತಪ್ಪಿದವನಿಗೆ ಅರ್ಧ ವಿದ್ಯೆಯೇ ತಪ್ಪಿದಂತೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ಕಾನೂನು ಹೋಟೆಲಿನ ಬಾಗಿಲನ್ನು ತೆರೆಸಬಲ್ಲುದು. ಒಳಗೆ ನಮ್ಮ ಮೇಜಿಗೆ ಯಾರನ್ನು ಕರೆಯಬೇಕೆಂದು ಹೇಳಲಾರದು. ಆ ಕೆಲಸ ನಮ್ಮದು. ಹಳೆಯ ಪಂಕ್ತಿಭೇದವನ್ನು ಖಂಡಿಸಿ ಪ್ರಬಂಧ ಬರೆಯುವ ನಾವು ದುಡ್ಡಿನ, ಉಡುಪಿನ, ಮಾತಿನ ಧಾಟಿಯ ಹೊಸ ಪಂಕ್ತಿಭೇದವನ್ನು ಕಟ್ಟುತ್ತಿಲ್ಲವೇ?

ಹಾಗೆಂದು ಕಟ್ಟಳೆ ಬೇಡವೆಂದಲ್ಲ; ಯಾವ ಕಟ್ಟಳೆ ಎಂಬುದೇ ಪ್ರಶ್ನೆ. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರಿದ್ದರು. ಅವರನ್ನು ಒಂದುಗೂಡಿಸಿದ್ದು ಮತವಲ್ಲ, ದುಡ್ಡಲ್ಲ. ಜನರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸುವ ಕೆಲಸ. ಅದರ ಫಲವಾಗಿ 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಹೆಂಗಸರ ಮಾತು ಆ ಗೆಳೆಯರಿಗೆ ನಗೆಯ ವಸ್ತುವಾಗಲಿಲ್ಲ, ಸಂಪತ್ತಾಯಿತು. ನಿನ್ನಲ್ಲಿ ಏನಿದೆ ಎಂದು ಕೇಳುವ ಗುಂಪು ಬಾಗಿಲು ಮುಚ್ಚುತ್ತದೆ. ನಾವು ಕೂಡಿ ಏನು ಮಾಡೋಣ ಎಂದು ಕೇಳುವ ಗುಂಪು ಬಾಗಿಲು ತೆರೆಯುತ್ತದೆ.

ಚಹಕ್ಕೆ ಅವರವರ ದುಡ್ಡು ಅವರವರೇ ಕೊಡಲಿ. ವಾರಕ್ಕೆರಡು ದಿನವಾದರೂ ಮಧ್ಯಾಹ್ನದ ಬಿಡುವಿನಲ್ಲಿ ಕೂಡೋಣ. 'ಗೆಳೆತನದಲ್ಲಿ ಲೆಕ್ಕವೇ?' ಎಂದು ಕೇಳುವವರುಂಟು. ಲೆಕ್ಕವಿಲ್ಲದೆ ಬದುಕಬಲ್ಲವರು ಮಾತ್ರ ಹಾಗೆ ಕೇಳಬಲ್ಲರು.

ಅಂತಿಮ ವರ್ಷದ ನಾವು ಮುಂದಿನ ವರ್ಷ ಇಲ್ಲಿರುವುದಿಲ್ಲ. ನಮ್ಮ ಕಟ್ಟೆಯ ಮೇಲೆ ಹೊಸಬರು ಕೂಡುತ್ತಾರೆ. ನಾವು ಬಿಟ್ಟುಹೋದ ರೂಢಿಯನ್ನೇ ಹಿಡಿಯುತ್ತಾರೆ. ಅದರಲ್ಲಿ ಬಸ್ಸಿಗೆ ಓಡಬೇಕಾದವನಿಗೂ ಒಂದು ಜಾಗವಿರಲಿ.