“ಫ್ರೀ ಆಗಿ ಬಾರ್ಸ್ರಿ, ಎಕ್ಸ್‌ಪೋಜರ್ ಸಿಗ್ತದ” ಅನ್ನೋರಿಗೆ

1/5
ಈ ಸಲ ಸಾಧನಕೇರಿ ಸನ್‌ಸೆಟ್ ಇಲ್ಲ, ರೀಲ್ ಇಲ್ಲ. ಐದು ಪೋಸ್ಟ್, ಐದಕ್ಕೂ ಉದ್ದ ಕ್ಯಾಪ್ಷನ್. ಓದೋ ತಾಳ್ಮೆ ಇಲ್ದವ್ರು ಲೈಕ್ ಒತ್ತಿ ಹೋಗ್ರಿ, ಬ್ಯಾಸರ ಇಲ್ಲ. ಆದ್ರ ಫೇರ್‌ವೆಲ್ ಕಮಿಟಿದಾಗ ಇದ್ದವ್ರು ಪೂರ್ತಿ ಓದ್ಲೇಬೇಕು. ಯಾಕಂದ್ರ ನಿಮ್ಮ ಬಜೆಟ್ ಶೀಟ್ ಗ್ರೂಪಿನಾಗ ಬಂದದ. ಡಿಜೆಗೆ ರೊಕ್ಕ ಅದ, ಲೈಟಿಂಗಿಗೆ ಅದ, ಸೆಲ್ಫಿ ಬೂತಿನ ಬಲೂನಿಗೂ ಅದ. ಬ್ಯಾಂಡ್ ಅನ್ನೋ ಸಾಲಿನ ಮುಂದ ಮಾತ್ರ “ನಮ್ಮ ಹುಡುಗ್ರೇ, ಫ್ರೀ” ಅಂತ ಬರ್ದೀರಿ.

ನಮ್ಮ ಹುಡುಗ್ರು ಅನ್ನೋದು ಪ್ರೀತಿ, ಒಪ್ಕೋತೀನಿ. ಫ್ರೀ ಅನ್ನೋದು ಯಾವ ಲೆಕ್ಕ?

2/5
ನಾವೆಲ್ಲಾ ಬಿಕಾಂನವ್ರು. ಕಾಸ್ಟ್ ಶೀಟ್ ಬರಿಯೋದು ಪರೀಕ್ಷೆಗೆ ಮಾತ್ರ ಅಂತ ತಿಳ್ಕೊಂಡೀರೇನು? ಹೋದ ಪಾರ್ಟಿದು ತಗೊಳ್ರಿ (ಯಾರ ಪಾರ್ಟಿ ಅಂತ ಹೇಳಲ್ಲ, ಕಾಮೆಂಟಿನಾಗ ಕೇಳಬ್ಯಾಡ್ರಿ). ಪ್ರಾಕ್ಟೀಸ್ ರೂಮಿಗೆ ತಾಸಿಗೆ 200 ರೂಪಾಯಿ, 24 ತಾಸು, 4,800. ವಿದ್ಯಾನಗರದಿಂದ ಸಾಮಾನು ಹೊತ್ತು ಹೋಗಿ ಬರೋ ಟೆಂಪೋಕ್ಕ 1,200. ಗಿಟಾರ್ ತಂತಿ 700, ಡ್ರಮ್ ಕಡ್ಡಿ 400, ಬಾಡಿಗಿ ಸಿಂಬಲ್ 500. ಕೂಡ್ಸಿದ್ರ 7,600. ಐದು ಮಂದಿ, ತಲಾ 24 ತಾಸು, ಅಂದ್ರ 120 ತಾಸಿನ ಕೂಲಿ ಇದ್ರಾಗ ಸೊನ್ನೆ. ಆಂಪ್ಲಿಫೈಯರಿನ ಡಿಪ್ರಿಸಿಯೇಷನ್ ಹಿಡಿದೇ ಇಲ್ಲ.

ಸಿಕ್ಕಿದ್ದು ಐದು ಪ್ಲೇಟ್ ಪಲಾವ್ ಮತ್ತ ಒಂದು ಸ್ಟೋರಿ ಟ್ಯಾಗ್. ಅದೂ 24 ತಾಸಿಗೆ ಮಾಯ.

ಇನ್ನ ಎಕ್ಸ್‌ಪೋಜರ್. ನೋಡ್ರಿ, ಅದಕ್ಕ ನಮ್ಮ ಭಾಷಾದಾಗ ಗುಡ್‌ವಿಲ್ ಅಂತಾರ. ತಾನೇ ಬೆಳೆಸಿಕೊಂಡ ಗುಡ್‌ವಿಲ್‌ನ್ನ ಆಸ್ತಿ ಅಂತ ಪುಸ್ತಕದಾಗ ತೋರ್ಸೋ ಹಂಗಿಲ್ಲ, ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಓದ್ರಿ. ಬ್ಯಾಲೆನ್ಸ್ ಶೀಟಿನಾಗ ಬರೀಲಾರದ್ದನ್ನ ಪಗಾರ ಅಂತ ನಮ್ಮ ಕೈಯಾಗ ಇಡ್ತೀರಲ್ಲ, ಭಾಳ ಛಲೋ.

ಡಿಜೆ ಅಣ್ಣನ ಮ್ಯಾಲೆ ನನಗ ಸಿಟ್ಟಿಲ್ಲ. ಅವನೂ ಸ್ಪೀಕರ್ ಹೊತ್ತು ಬೆನ್ನು ನೋಯಿಸ್ಕೊಂಡವನೇ. ಅವ ಅಡ್ವಾನ್ಸ್ ಕೇಳ್ತಾನ, ನೀವು ಕೊಡ್ತೀರಿ. ನಾವು ಕೇಳಿದ್ರ “ಏ, ಭಾಳ ಆ್ಯಟಿಟ್ಯೂಡ್ ಬಂತಲೇ” ಅಂತೀರಿ.

3/5
ಎರಡನೇ ಮಾತು, “ಧಾರವಾಡ ಅಂದ್ರ ಸಂಗೀತ, ಈ ರಾಕ್ ಗೀಕ್ ನಮ್ಮ ಸಂಸ್ಕೃತಿ ಅಲ್ಲ.” ಇದನ್ನ ಹೇಳಿದವ್ರಿಗೆ ಒಂದು ಪ್ರಶ್ನೆ. ಮಲ್ಲಿಕಾರ್ಜುನ ಮನ್ಸೂರರದು ಒಂದು ಪೂರ್ತಿ ರಾಗ ಕುಂತು ಕೇಳೀರೇನು? ಪೂರ್ತಿ, ಸ್ಕಿಪ್ ಮಾಡದ? ಬ್ಯಾಡ ಬಿಡ್ರಿ.

ಬೈಠಕ್ ಅಂದ್ರ ಏನು? ಯಾರದೋ ಮನಿ, ಒಂದು ಜಮಖಾನಿ, ಐವತ್ತು ಮಂದಿ, ಎದುರಿಗೇ ಹಾಡೋರು. ಮನಿ ಪಾರ್ಟಿದಾಗ ಲೈವ್ ಶೋ ಅಂದ್ರನೂ ಅದೇ. ನಮ್ಮೂರಿಗೆ ಇದು ಹೊಸಾದಲ್ಲ, ಈಗ ವಾದ್ಯ ಬ್ಯಾರೆ ಅಷ್ಟ. ವಾದ್ಯದ ಜಗಳ ಅಂತೂ ಹಳೇದು. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ನಮ್ಮ ರಾಗಕ್ಕ ಒಗ್ಗಲ್ಲ ಅಂತ ಆಕಾಶವಾಣಿ 1940ರಾಗ ಅದನ್ನ ನಿಷೇಧಿಸಿತ್ತು, ಸಡಿಲ ಆಗಿದ್ದು 1971ರಾಗ. ಇವತ್ತು ಭಜನಿ ಇರ್ಲಿ, ನಾಟಕ ಇರ್ಲಿ, ಹಾರ್ಮೋನಿಯಂ ಇಲ್ಲದ ಹೆಂಗ ಅಂತೀರಿ. ಗಿಟಾರಿಗೂ ಒಂದಿಷ್ಟು ವರ್ಷ ಕೊಡ್ರಲ್ಲ.

ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರು 1889ರಾಗ ತೀರ್ಕೊಂಡವ್ರು. ಅವರ ಪದಾನ ಮೈಸೂರಿನಾಗ ಬೆಳೆದ ರಘು ದೀಕ್ಷಿತ್ ಗಿಟಾರ್ ಹಿಡ್ದು ಹಾಡಿ 2008ರಾಗ ಆಲ್ಬಂ ತಂದಾಗ ಯಾರ ಸಂಸ್ಕೃತಿ ಕೆಡ್ತು? ನೀವೇ ಫಸ್ಟ್ ಇಯರ್‌ನಾಗ ಅದಕ್ಕ ಕುಣಿದೀರಿ, ವಿಡಿಯೋ ಅದ ನನ್ನ ಹತ್ರ.

ಹೆಸರು ತಗೊಳ್ಳೋದಾದ್ರ ಗಂಗೂಬಾಯಿ ಹಾನಗಲ್ ಅವ್ರದು ಪೂರ್ತಿ ತಗೊಳ್ರಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ, ಗಾಂಧೀಜಿ ಎದುರಿಗೆ, ಸ್ವಾಗತ ಗೀತೆ ಹಾಡಿದಾಗ ಅವ್ರಿನ್ನೂ ಹುಡುಗಿ. ಹಾಡೋದಕ್ಕಿಂತ ಅವ್ರಿಗೆ ಇದ್ದ ಅಂಜಿಕಿ, ಊಟ ಆದಮ್ಯಾಲೆ ಎಂಜಲೆಲಿ ತೆಗಿ ಅಂತಾರೇನೋ ಅಂತ. ಅವರೇ ಮುಂದ ಹೇಳ್ಕೊಂಡದ್ದು ಇದು. ಅದು ಜಾತಿ ಕೊಟ್ಟ ನೋವು, ನಮ್ಮ ಪಲಾವ್ ಪ್ಲೇಟಿನ ಜೊತಿ ಅದನ್ನ ತೂಗೋ ಅಷ್ಟು ಹುಚ್ಚು ನನಗಿಲ್ಲ. ಆದ್ರ ಹಾಡು ಬೇಕು, ಹಾಡೋರು ಹೊರಗ ನಿಲ್ಲಲಿ ಅನ್ನೋ ಚಾಳಿ ಈ ಸೀಮಿಗೆ ಹೊಸಾದಲ್ಲ. ಈಗ ದೇಶಪಾಂಡೆ ನಗರದಾಗ ಅವ್ರ ಮನಿ ಮುಂದ ಫೋಟೋ ತೆಗ್ಸ್ಕೊಂಡು “ಸಂಗೀತದ ನಾಡು” ಅಂತ ಹಾಕೋದು ಸುಲಭ.

4/5
ಸ್ಲಾಟ್ ಬಗ್ಗೆ. ಏಳಕ್ಕ ಶುರು ಅಂತ ಹೇಳಿ ನಮ್ಮನ್ನ ಆರಕ್ಕ ಕರೆಸಿದ್ರಿ. ಡಿಜೆ ನಡೀತು, ಕೇಕ್ ನಡೀತು, ಭಾಷಣ ನಡೀತು, ಮತ್ತ ಡಿಜೆ. 9:40ಕ್ಕ “ಬ್ಯಾಂಡ್ ಬರ್ಲಿ ಬ್ಯಾಂಡ್”. ರಾತ್ರಿ 10ರ ಮ್ಯಾಲೆ ಬಯಲಿನಾಗ ಧ್ವನಿವರ್ಧಕ ಹಚ್ಚಬಾರದು ಅನ್ನೋದು 2000ನೇ ಇಸ್ವಿಯ ಶಬ್ದಮಾಲಿನ್ಯ ನಿಯಮ, ಟೆರೇಸ್ ಅಂದ್ರ ಬಯಲೇ. ಎರಡು ತಾಸು ಎದಿ ನಡುಗೋ ಹಂಗ ಬಾರಿಸಿದ್ದು ಡಿಜೆ, ಕಾನೂನು ನೆನಪಾಗಿದ್ದು ಮಾತ್ರ ನಮ್ಮ ಎರಡನೇ ಹಾಡಿಗೆ!

ಸೌಂಡ್ ಚೆಕ್ ಅಂದ್ರ ನಖ್ರಾ ಅಲ್ರಿ. ಹಾಡೋಳಿಗೆ ತನ್ನ ದನಿ ತನಗ ಕೇಳಬೇಕು, ಅದಕ್ಕ ಅವಳ ಕಡೆ ಮುಖ ಮಾಡಿ ಒಂದು ಸ್ಪೀಕರ್ ಬೇಕು. ಅದಿಲ್ಲಂದ್ರ ಡ್ರಮ್ ಸಪ್ಪಳದಾಗ ಶ್ರುತಿ ಹಿಡಿಯಾಕ ಆಗಂಗಿಲ್ಲ, ಕಿರಚ್ತಾಳ. ಮೈಕ್‌ನ್ನ ದೊಡ್ಡ ಸ್ಪೀಕರ್ ಮುಂದ ನಿಲ್ಲಿಸಿದ್ರ ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತ ಸ್ಪೀಕರಿಗೆ, ಸುತ್ತಿ ಸುತ್ತಿ ಕುಂಯ್ಯ್ ಅಂತ ಬರ್ತದ. ನೀವೆಲ್ಲಾ ಕಿವಿ ಮುಚ್ಚಿ ನಕ್ಕದ್ದು ಅದಕ್ಕ. ಆ ಕೂಗು ಅವಳದಲ್ಲ. ಹದಿನೈದು ನಿಮಿಷ ಮೊದ್ಲ ಕೊಟ್ಟಿದ್ರ ಬರ್ತಿರ್ಲಿಲ್ಲ. ಕಾಫಿ ಮಷಿನ್ ಹಚ್ಚಿದ ಎಕ್ಸ್‌ಟೆನ್ಷನ್ ಬೋರ್ಡಿಗೇ ನಮ್ಮ ಆಂಪ್ಲಿಫೈಯರ್ ಚುಚ್ಚಿಸಿದವ್ರು ಯಾರು? ಫ್ಯೂಸ್ ಹೋದದ್ದು ಹಾಡಿನ ನಡುವ, ಸ್ಟೋರಿದಾಗ “ಬ್ಯಾಂಡ್ ಫೇಲ್” ಅಂತ ಬಂದದ್ದು ಎರಡೇ ನಿಮಿಷದಾಗ.

ಇನ್ನೊಂದು. “ಬ್ರೋ, ಟಗರು ಹಾಕ್ರಿ.” ಹಾಕೋದು ಪೆನ್‌ಡ್ರೈವ್‌ನಾಗ. ನಾವು ಬಾರಿಸ್ತೀವಿ. ಬಾರಿಸೋರ ಕೈ ತಪ್ತದ, ತಂತಿ ಹರೀತದ, ಅಕಸ್ಮಾತ್ ಯಾವತ್ತೂ ಬರದಂಥ ಒಂದು ತಿರುವು ಬಂದುಬಿಡ್ತದ. ಅದನ್ನ ನೋಡಾಕೇ ಲೈವ್‌ಗೆ ಬರೋದು. 2007ರಾಗ ಐರನ್ ಮೇಡನ್, 2011ರಾಗ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಮಂದಿ ಟಿಕೆಟ್ ಕೊಟ್ಟು ಮೈದಾನದಾಗ ನಿಂತು ಕೇಳಿದ್ರು. ಅವ್ರೂ ಒಂದು ಕಾಲಕ್ಕ ಸಣ್ಣ ಸಣ್ಣ ಜಾಗಾದಾಗ ಬಾರಿಸಿದವ್ರೇ. ನಾವು ಅವ್ರಷ್ಟು ಛಲೋ ಬಾರಿಸ್ತೀವಿ ಅಂತ ಹೇಳ್ತಿಲ್ಲ, ಅಷ್ಟು ಮಬ್ಬು ನಾನಲ್ಲ. ಸುಮಾರಾಗಿ ಬಾರಿಸ್ತೀವಿ. ಆದ್ರ ಸುಮಾರು ಕೇಟರಿಂಗಿಗೂ ನೀವು ಪೂರ್ತಿ ಬಿಲ್ ಕಟ್ಟೀರಿ, ಆ ಪಲಾವ್ ನಾನೂ ತಿಂದೀನಿ.

5/5
ಕಮಿಟಿಗೆ ಸೀದಾ ಮಾತು. ಫೇರ್‌ವೆಲ್‌ಗೆ 45 ನಿಮಿಷ ಬಾರಿಸ್ತೀವಿ. 8,000 ರೂಪಾಯಿ. ಲಾಭ ಅನ್ನಬ್ಯಾಡ್ರಿ, ಖರ್ಚು ಕಳೆದ್ರ ತಲಾ 80 ರೂಪಾಯಿ ಉಳೀತದ, ಗಿರ್ಮಿಟ್ ಮತ್ತ ಚಹಾಕ್ಕ. ಅರ್ಧ ಅಡ್ವಾನ್ಸ್. ಎಂಟು ಗಂಟೆ ಸ್ಲಾಟ್, ಸಂಜೀ ಮುಂದ ಸೌಂಡ್ ಚೆಕ್, ಬ್ಯಾರೆ ಪವರ್ ಲೈನ್. ಬಲೂನ್ ಕಮ್ಮಿ ಮಾಡ್ರಿ, ಸರಿಹೋಗ್ತದ. ಫಾಲೋ ಮಾಡೋ ಜೂನಿಯರ್ಸ್, ನಿಮ್ಮ ಕ್ಲಾಸಿನಾಗೂ ಒಬ್ಬ ಗಿಟಾರ್ ಬಾರಿಸೋನು ಇರ್ತಾನ, ಫ್ರೆಶರ್ಸ್ ಬಜೆಟ್ ಬರಿಯೋ ಮುಂದ ಅವನ ಹೆಸರಿನ ಮುಂದೂ ಒಂದು ಅಂಕಿ ಬರೀರಿ.

ಉತ್ತರ ಶುಕ್ರವಾರದೊಳಗ ಬೇಕು. ನಮ್ಮ ಬೇಸಿಸ್ಟ್ ತನ್ನ ಬೇಸ್ ಮಾರಾಕ ಹಚ್ಯಾನ, ಪರೀಕ್ಷಾ ಫೀ ಕಟ್ಟೋದದ. ಶನಿವಾರ ಮುಂಜಾನೆ ಗದಗದಿಂದ ಒಬ್ರು ನೋಡಾಕ ಬರೋರಿದ್ದಾರ.

#ಹುಬ್ಬಳ್ಳಿಧಾರವಾಡ #ಫ್ರೀಅಲ್ಲ #ಸೌಂಡ್‌ಚೆಕ್‌ಕೊಡ್ರಿ